ನನ್ನ ಜೋಕಿಗೆ ನಗದವನು

ಇತ್ತೀಚೆಗೆ ನನ್ನ ಹಾಸ್ಯಪ್ರಜ್ಞೆ ವಿಪರೀತ ಬೆಳೆದಿದೆ. ಇದು ನನ್ನ ಅಭಿಪ್ರಾಯವಲ್ಲ, ನನ್ನೆದುರು ಕೂರುವವರ ಹಲ್ಲುಗಳ ಅಭಿಪ್ರಾಯ. ಎಂಜಿನಿಯರನಾಗಿ ಸಾಫ್ಟ್‌ವೇರ್ ಬರೆಯುತ್ತಿದ್ದ ಕಾಲದಲ್ಲಿ ನಾನು ಕ್ಯಾಂಟೀನಿನಲ್ಲಿ ಜೋಕು ಶುರು ಮಾಡಿದರೆ ಸಹೋದ್ಯೋಗಿಗಳಿಗೆಲ್ಲ ಏಕಕಾಲಕ್ಕೆ ಫೋನ್ ಬರುತ್ತಿತ್ತು. ಆ ಕೆಲಸ ಬಿಟ್ಟು, ಕಂಪನಿಯ ಷೇರು ಮಾರಿ ಬಂದ ಹಣವನ್ನು ಪರರ ಸ್ಟಾರ್ಟಪ್‌ಗಳಲ್ಲಿ ಹೂಡತೊಡಗಿದ್ದೇ ತಡ, ಅದೇ ಜೀರ್ಣ ಜೋಕುಗಳಿಗೆ ನವಯೌವನ ಪ್ರಾಪ್ತವಾಯಿತು.

ಓದುಗ ಮಿತ್ರರೇ, ನೀವೇ ತೀರ್ಪು ಕೊಡಿ: ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯಲ್ಲಿ ಸ್ಕೂಟರಿನ ಮೇಲೆ ಹಾಲು ತಂದರೆ ಮನೆ ಮುಟ್ಟುವಷ್ಟರಲ್ಲಿ ಬೆಣ್ಣೆಯಾಗಿರುತ್ತದೆ. ನಿಮಗೆ ನಗು ಬರಲಿಲ್ಲ, ಬರಲೂಬಾರದು. ಆದರೆ ಮೊನ್ನೆ ನನ್ನಿಂದ ಬಂಡವಾಳ ಬಯಸಿ ಬಂದಿದ್ದ ತರುಣನೊಬ್ಬ, ಕನ್ನಡವೇ ಬಾರದವನು, ನಾನು ವಾಕ್ಯ ಮುಗಿಸುವ ಮೊದಲೇ ನಕ್ಕು ನಕ್ಕು ಕಣ್ಣೊರೆಸಿಕೊಂಡ.

ಈ ನಗುವಿಗೆ ಮೊದಮೊದಲು ಉಬ್ಬಿದೆ, ಆಮೇಲೆ ಹೇಸಿಕೊಂಡೆ. ಹೀಗೆ ನಗುವವರು ನನ್ನ ಮೂರ್ಖ ಸಲಹೆಗೂ ಭಕ್ತಿಯಿಂದ ತಲೆದೂಗುತ್ತಾರೆ. ನನ್ನ ಮಾತಿನ ಯೋಗ್ಯತೆ ತಿಳಿಯಲು ನನಗುಳಿದಿದ್ದವನು ಗಂಗಾಧರನೊಬ್ಬನೇ. ಹಳೆಯ ಆಫೀಸಿನಲ್ಲಿ ಪಕ್ಕದ ಮೇಜಿನವನು, ಬಸವೇಶ್ವರನಗರದಲ್ಲಿ ಪಕ್ಕದ ಬೀದಿಯವನು. ಭಾನುವಾರ ಬೆಳಗ್ಗೆ ದರ್ಶಿನಿಯ ಮುಂದೆ ನಿಂತು ಇಡ್ಲಿ ತಿನ್ನುತ್ತ ನಾನು ಬೆಣ್ಣೆಯ ಜೋಕು ತೆಗೆದರೆ, "ಹಳಸಿ ನಾರ್ತಾ ಇದೆ ಕಣೋ ಆ ಬೆಣ್ಣೆ, ಎತ್ತಿ ಆಚೆ ಎಸಿ" ಎನ್ನುತ್ತಿದ್ದ. ವಾರವಿಡೀ ಹೊಗಳಿಕೆ ತಿಂದು ಕೆಟ್ಟ ಹೊಟ್ಟೆಗೆ ಆ ಬೈಗುಳವೇ ಪಥ್ಯ. ಅದಕ್ಕಾಗಿಯೇ ಹೋಗುತ್ತಿದ್ದೆ, ಇಡ್ಲಿ ಬರೀ ನೆಪ.

ಹೋದ ಭಾನುವಾರವೂ ಬೆಣ್ಣೆ ತೆಗೆದೆ. ಗಂಗಾಧರ ನಕ್ಕ. ತಟ್ಟೆಯ ಚಟ್ನಿ ತುಳುಕುವಷ್ಟು ನಕ್ಕ.

"ಯಾಕೋ, ಹುಷಾರಾಗಿದೀಯ ತಾನೆ?" ಎಂದೆ.

ಅವನು ತಟ್ಟೆ ಕೆಳಗಿಟ್ಟ. "ಕೆಲಸ ಬಿಟ್ಟೆ ಕಣೋ. ಅಪಾರ್ಟ್‌ಮೆಂಟ್ ಪೈಪಲ್ಲಿ ನೀರು ಎಲ್ಲಿ ಸೋರ್ತಿದೆ ಅಂತ ಹೇಳೋ ಡಬ್ಬ ಒಂದು ಮಾಡಿದೀನಿ. ಸ್ವಂತ ಕಂಪನಿ. ನೀನು ಒಂದ್ಸಲ ಬಂದು ನೋಡಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದ.

ಆ ಅರ್ಧ ವಾಕ್ಯವನ್ನು ದಿನವೂ ಕೇಳುವ ಕಿವಿ ನನ್ನದು, ಉಳಿದರ್ಧ ತಾನಾಗಿ ತಿಳಿಯಿತು. ಡಬ್ಬ ಚೆನ್ನಾಗಿಯೇ ಇದ್ದೀತು, ಅವನು ಕಳಪೆ ಕೆಲಸ ಮಾಡಿದವನಲ್ಲ. ಆದರೆ ಹಣ ಹಾಕಿದರೆ ಇವನೂ ಯಾವಜ್ಜೀವ ನಗುತ್ತಾನೆ, ಹಾಕದಿದ್ದರೆ ಭಾನುವಾರಗಳೇ ಇರುವುದಿಲ್ಲ. ಅಳು ಬರುವಷ್ಟು ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ.

"ದುಡ್ಡು ಹಾಕ್ತೀನಿ ಗಂಗಾ," ಎಂದೆ. "ಒಂದೇ ಕಂಡೀಷನ್. ಇನ್ಮೇಲೆ ನನ್ನ ಜೋಕಿಗೆ ನೀನು ನಗಬಾರದು."

ಇಷ್ಟು ಗಂಭೀರವಾಗಿ ನಾನು ಜೀವನದಲ್ಲಿ ಏನನ್ನೂ ಹೇಳಿರಲಿಲ್ಲ. ಗಂಗಾಧರ ನನ್ನ ಭುಜ ಹಿಡಿದುಕೊಂಡು, ಹೊಟ್ಟೆ ಹುಣ್ಣಾಗುವಂತೆ ನಕ್ಕ.