ಹಿಟ್ನಾಳ ದುರುಗಪ್ಪನ ಪಟ

ಇಪ್ಪತ್ತಾರು ವರ್ಷಕ್ಕೆ ಹಿಟ್ನಾಳದ ದುರುಗಪ್ಪ ನಲವತ್ತೊಂದು ಕುಸ್ತಿ ಗೆದ್ದಿದ್ದ, ಒಂದನ್ನೂ ಸೋತಿರಲಿಲ್ಲ. ಎದುರಿಗೆ ಅವನಿದ್ದಾನೆ ಎಂದು ತಿಳಿದರೆ ಗಂಗಾವತಿ, ಕುಷ್ಟಗಿ ಕಡೆಯ ಪೈಲ್ವಾನರಿಗೆ ಇದ್ದಕ್ಕಿದ್ದಂತೆ ಜ್ವರ ಬರುತ್ತಿತ್ತು. ನೋಡಲು ಅಂಥ ಆಳೇನಲ್ಲ. ಕುಳ್ಳ, ಕಿವಿಗಳೆರಡೂ ಮುದುಡಿಹೋಗಿದ್ದವು. ಆದರೆ ಒಮ್ಮೆ ಹಿಡಿದ ಸೊಂಟವನ್ನು ಅವನು ಬಿಟ್ಟದ್ದು ಯಾರಿಗೂ ಗೊತ್ತಿರಲಿಲ್ಲ. ಹಗಲೆಲ್ಲ ಕೊಪ್ಪಳದ ಸ್ಟೇಷನ್ನಿನಲ್ಲಿ ಹತ್ತಿ ಅಂಡಿಗೆ ಹೊರುತ್ತಿದ್ದ. ನಸುಕಿಗೂ ಸಂಜೆಗೂ ಗರಡಿ.

ಗರಡಿ ಇದ್ದದ್ದು ಕೋಟೆ ಗುಡ್ಡದ ಬುಡದಲ್ಲಿ. ಅಲ್ಲಿ ಕುಸ್ತಿ ಕಲಿಸುತ್ತಿದ್ದ ಗುರು ಖಾಜಾಸಾಬ. ಊರಿಗೆಲ್ಲ ಅವನು ವಸ್ತಾದ. ದುರುಗಪ್ಪನಿಗೆ ಅಪ್ಪ ಇರಲಿಲ್ಲ, ವಸ್ತಾದನೇ ಅಪ್ಪ. ಸಾವಿರದ ಒಂಬೈನೂರ ಮೂವತ್ತಮೂರರ ಮಳೆಗಾಲದಲ್ಲಿ ಗರಡಿಯ ಮಾಳಿಗೆ ಕುಸಿಯಿತು. ಕೆಂಪುಮಣ್ಣಿನ ಅಖಾಡದಲ್ಲಿ ನೀರು ನಿಂತು ಕಪ್ಪೆಗಳು ಸೇರಿಕೊಂಡವು. ಅದನ್ನು ಕಟ್ಟಿಸುವ ದುಡ್ಡಿಗಾಗಿ ವಸ್ತಾದ ಎಷ್ಟೋ ಮನೆ ಅಲೆದ. ಕೊನೆಗೆ ಊರಿನ ಜಮೀನ್ದಾರ ಅಮರಪ್ಪ ದೇಸಾಯಿ ಕಲ್ಲಿನ ಗರಡಿಯನ್ನೇ ಕಟ್ಟಿಸಿಕೊಡುತ್ತೇನೆ ಎಂದ. ಒಂದೇ ಮಾತು: ಅದೇ ಗರಡಿಯಲ್ಲಿ ಕುಸ್ತಿ ಕಲಿಯುತ್ತಿದ್ದ ಅವನ ಮಗ ಈಶಪ್ಪ ದೀಪಾವಳಿಯ ಕುಸ್ತಿಯಲ್ಲಿ ದುರುಗಪ್ಪನನ್ನು ಕೆಡವಬೇಕು.

ವಸ್ತಾದ ಸ್ಟೇಷನ್ನಿಗೇ ಬಂದು, ಅಂಡಿಗೆಗಳ ಮರೆಯಲ್ಲಿ ದುರುಗಪ್ಪನನ್ನು ಕೂರಿಸಿಕೊಂಡ.

"ಬೇಟಾ, ಒಂದು ಸಲ ಬೀಳು."

"ಯಾರ ಮುಂದ್ರಿ?"

"ಈಶಪ್ಪನ ಮುಂದ."

ದುರುಗಪ್ಪ ನಕ್ಕ. ವಸ್ತಾದ ನಗಲಿಲ್ಲ.

"ಈಶಪ್ಪನವರಿಗೆ ಇದು ಗೊತ್ತೈತೇನ್ರಿ?"

"ಇಲ್ಲ. ನಿನಗ, ನನಗ, ದೇಸಾಯರಿಗೆ ಅಷ್ಟ."

"ಮತ್ತ ನನ್ನ ಹೆಸರ್ರಿ?"

"ಗರಡಿ ಉಳದ್ರ ನಿನ್ನ ಹೆಸರೂ ಉಳೀತೈತಿ. ಗರಡಿನ ಇಲ್ಲಂದ್ರ ಯಾರ ಹೆಸರು ಎಲ್ಲಿರ್ತೈತಿ?"

ದೀಪಾವಳಿಯ ಪಾಡ್ಯದ ದಿನ, ನೀರು ಬತ್ತಿದ ಗರಡಿಯ ಅಖಾಡದಲ್ಲಿ ಹಲಗೆ ಬಡಿಯುತ್ತಿದ್ದಂತೆ ದುರುಗಪ್ಪ ನಾಲ್ಕು ನಿಮಿಷ ಆಡಿಸಿ, ಸೊಂಟ ಸಡಿಲ ಬಿಟ್ಟು ಚಿತ್ತಾದ. ಎರಡೂ ಭುಜ ಮಣ್ಣಿಗೆ ಹತ್ತಿದವು. ಈಶಪ್ಪನಿಗೆ ತಾನು ಗೆದ್ದದ್ದು ನಂಬಿಕೆಯಾಗಲಿಲ್ಲ. ಹುಚ್ಚು ಹಿಡಿದವನಂತೆ ಕೆಳಗಿದ್ದವನ ಬಲಗೈಯನ್ನು ತಿರುವುತ್ತಲೇ ಇದ್ದ. "ಬಿಡೋ, ಬಿಡೋ!" ಎಂದು ವಸ್ತಾದ ಕೂಗಿದ್ದು ಜನರ ಕೇಕೆಯಲ್ಲಿ ಮುಳುಗಿತು. ಮೊಣಕೈ ಲಟಕ್ಕೆಂದದ್ದು ದುರುಗಪ್ಪನಿಗೊಬ್ಬನಿಗೇ ಕೇಳಿತು.

ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿದ. ಕೈ ಸೊಟ್ಟಗೆ ಕೂಡಿಕೊಂಡಿತು. ಅಂಡಿಗೆ ಹೊರುವ ಬಲ ಹೋಯಿತು, ಕುಸ್ತಿಯಂತೂ ಮುಗಿದೇಹೋಯಿತು. ದೇಸಾಯಿ ಮಾತಿಗೆ ತಪ್ಪಲಿಲ್ಲ. ಮುಂದಿನ ಯುಗಾದಿಗೆ ಕಲ್ಲಿನ ಗೋಡೆ, ಸಾಗುವಾನಿ ತೊಲೆಯ ಗರಡಿ ಎದ್ದು ನಿಂತಿತು. ಅದರ ಅಖಾಡದ ಮಣ್ಣು ಅಗೆದು, ಎಣ್ಣೆ ಅರಿಷಿಣ ಬೆರೆಸಿ ಹದ ಮಾಡುವ ಕೆಲಸವನ್ನು ವಸ್ತಾದ ದುರುಗಪ್ಪನಿಗೆ ಕೊಡಿಸಿದ.

ಹತ್ತು ವರ್ಷ ಕಳೆದವು. ಅಮರಪ್ಪ ತೀರಿಕೊಂಡು ಈಶಪ್ಪನೇ ದೇಸಾಯಿಯಾದ. ಗರಡಿಯ ದೊಡ್ಡ ಪೈಲ್ವಾನರ ಹೆಸರು ಅಳಿಯಬಾರದು, ಐವರನ್ನು ಆರಿಸಿ ಅವರ ಫೋಟೋ ತೆಗೆಸಿ ಗೋಡೆಗೆ ಹಾಕಬೇಕು ಎಂಬ ಯೋಚನೆ ಅವನದೇ. ಐದು ಜನ ಪಂಚರು ಕೂತರು. ಈಶಪ್ಪ, ವಸ್ತಾದ, ಸಾಲಿಯ ಕರಿಬಸಪ್ಪ ಮಾಸ್ತರ, ಮತ್ತಿಬ್ಬರು ವ್ಯಾಪಾರಸ್ಥರು. ಕಲಮುಗಳನ್ನು ಬರೆದವನು ಮಾಸ್ತರ. ಇಪ್ಪತ್ತೈದು ಕುಸ್ತಿ ಗೆದ್ದಿರಬೇಕು. ಕಣ ಬಿಟ್ಟು ಐದು ವರ್ಷವಾಗಿರಬೇಕು. ನಡತೆ ಶುದ್ಧವಿರಬೇಕು. ಈ ಗರಡಿಯ ಸ್ವಂತ ಅಖಾಡದಲ್ಲಿ ಒಮ್ಮೆಯೂ ಚಿತ್ತಾಗಿರಬಾರದು.

"ಮನ್ಯಾಗ ಬಿದ್ದಾವನ್ನ ಮನಿ ಗ್ವಾಡಿಗೆ ಹ್ಯಾಂಗ ಹಾಕೂದ್ರಿ?" ಎಂದು ಮಾಸ್ತರ ಕೇಳಿದಾಗ ಎಲ್ಲರೂ ಹೌದೆಂದರು.

ಈಶಪ್ಪ ಗೆದ್ದದ್ದು ಒಂಬತ್ತೇ ಕುಸ್ತಿ. ಅವನ ಹೆಸರು ಬಂದಾಗ ಅವನು ಮರ್ಯಾದೆಗೆ ಎದ್ದು ಹೊರಗೆ ಹೋದ. ಅಷ್ಟರಲ್ಲಿ ಮಾಸ್ತರ ಇನ್ನೊಂದು ಕಲಮು ಸೇರಿಸಿದ: ಎಂದೂ ಸೋಲದ ಪೈಲ್ವಾನನನ್ನು ಕೆಡವಿದವನಿಗೆ ಲೆಕ್ಕ ಬೇಕಿಲ್ಲ. ಅಂಥವನು ಗರಡಿಯಲ್ಲಿ ಒಬ್ಬನೇ ಇದ್ದ.

ಸುದ್ದಿ ಹಮಾಲರ ಓಣಿಗೆ ಬಂತು. ದುರುಗಪ್ಪನ ಹೆಂಡತಿ ಮುದುಕಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅವತ್ತಿನ ಗುಟ್ಟು ಅವಳಿಗೆ ಗೊತ್ತಿತ್ತು.

"ನಲವತ್ತೊಂದು ಗೆದ್ದಾವ ನೀ. ಹೋಗಿ ಕೇಳು."

ದುರುಗಪ್ಪ ಮೊದಲು ವಸ್ತಾದನ ಮನೆಗೆ ಹೋದ. ವಸ್ತಾದ ಮುದುಕನಾಗಿದ್ದ. ಹೊರಸಿನ ಮೇಲೆ ಕೂತು, ದುರುಗಪ್ಪನ ಮುಖ ನೋಡದೆ ಮಾತಾಡಿದ.

"ನಾ ಬಾಯಿ ಬಿಟ್ರ ಏನಾಕ್ಕೈತಿ ಗೊತ್ತೈತೇನು? ಈ ಅಖಾಡದಾಗ ಗೆದ್ದವ್ರೆಲ್ಲಾ ಖರೇನ ಗೆದ್ದಾರೋ ಇಲ್ಲೋ ಅಂತ ಊರು ಕೇಳ್ತೈತಿ. ಎಲ್ಲಾರ ಹೆಸರೂ ಹೊಲಸಾಕ್ಕಾವ."

"ನಂದು ಹೊಲಸಾತಲ್ರಿ."

"ನಿಂದು ಒಬ್ಬನದ."

ಆದರೂ ದುರುಗಪ್ಪ ಪಂಚರ ಮುಂದೆ ಹೋಗಿ ನಿಂತ. ಕೂತುಕೋ ಎಂದು ಯಾರೂ ಹೇಳಲಿಲ್ಲ.

"ಅವತ್ತು ನಾನಾಗಿ ಬಿದ್ದಿಲ್ರಿ. ಬೀಳು ಅಂದಿದ್ರು."

"ಯಾರು?" ಎಂದು ಈಶಪ್ಪ ಕೇಳಿದ. ಅವನ ಮುಖದ ಬಣ್ಣ ಇಳಿದಿತ್ತು.

ದುರುಗಪ್ಪ ವಸ್ತಾದನ ಕಡೆ ನೋಡಿದ. ಎಲ್ಲರೂ ನೋಡಿದರು. ವಸ್ತಾದ ತಸ್ಬಿಯ ಮಣಿ ಎಣಿಸುತ್ತ, "ಹಳೇ ಮಾತು. ನನಗ ನೆನಪಿಲ್ಲ" ಎಂದ.

ಮಾಸ್ತರ ಮಸಿದೌತಿಯಲ್ಲಿ ಟಾಕು ಅದ್ದಿದ. "ದುರುಗಪ್ಪ, ನೀ ಬೇಕಂತ ಬಿದ್ದಿದ್ರ ಅದು ಮೋಸ. ನಡತಿ ಕಲಮು ಅಡ್ಡ ಬರ್ತೈತಿ. ಖರೇನ ಬಿದ್ದಿದ್ರ ಅಖಾಡದ ಕಲಮು ಅಡ್ಡ ಬರ್ತೈತಿ. ಯಾವುದು ಬರೀಲಿ ಹೇಳು."

ವ್ಯಾಪಾರಸ್ಥನೊಬ್ಬ ತಡೆಯಲಾರದೆ ನಕ್ಕ. ಅವನನ್ನು ನೋಡಿ ಇನ್ನೊಬ್ಬನೂ ನಕ್ಕ. ದುರುಗಪ್ಪ ಸೊಟ್ಟ ಕೈಯನ್ನು ಒಳ್ಳೆ ಕೈಯಿಂದ ಹಿಡಿದುಕೊಂಡ. ಮೋಸಗಾರ ಎನ್ನಿಸಿಕೊಂಡರೆ ಮಣ್ಣು ಹದ ಮಾಡುವ ಕೆಲಸವೂ ಹೋಗುತ್ತಿತ್ತು.

"ಖರೇನ ಬಿದ್ದೀನಿ ಅಂತ ಬರೀರಿ."

ಮಾಸ್ತರ ಹಾಗೆಯೇ ಬರೆದ. ಕೈ ಎತ್ತುವಾಗ ದುರುಗಪ್ಪನ ಪರ ಒಂದು ಕೈಯೂ ಏಳಲಿಲ್ಲ, ವಸ್ತಾದನದೂ.

ಹೊಸಪೇಟೆಯಿಂದ ಫೋಟೋದವನು ಬಂದ. ನಾಲ್ವರದು ಬೇಗ ಮುಗಿಯಿತು. ಈಶಪ್ಪನದೇ ಕಷ್ಟ. ಲಂಗೋಟಿ ಕಟ್ಟಿ ನಿಂತರೆ ಹೊಟ್ಟೆ ಅದರ ಮೇಲೆ ಜೋತುಬೀಳುತ್ತಿತ್ತು. ಕೆಳಗೊಬ್ಬನನ್ನು ಕೆಡವಿ ಮೇಲೆ ಬಾಗಿದಂತೆ ತೆಗೆದರೆ ಹೊಟ್ಟೆ ಕಾಣುವುದಿಲ್ಲ ಎಂದು ಫೋಟೋದವನು ಉಪಾಯ ಹೇಳಿದ. ಮೂಲೆಯಲ್ಲಿ ಸಲಿಕೆ ಹಿಡಿದು ನಿಂತಿದ್ದ ದುರುಗಪ್ಪನ ಕಡೆ ಈಶಪ್ಪ ತಿರುಗಿದ.

"ಬಾ ದುರುಗಪ್ಪ. ಅವತ್ತಿನಂಗ."

ದುರುಗಪ್ಪ ಕದಲಲಿಲ್ಲ. ಆಗ ವಸ್ತಾದ ಹತ್ತಿರ ಬಂದು ಅವನ ಬೆನ್ನ ಮೇಲೆ ಕೈಯಿಟ್ಟ. "ಹೋಗು ಬೇಟಾ. ನೀನೂ ಗ್ವಾಡಿ ಮ್ಯಾಲ ಇರ್ತಿ."

ದುರುಗಪ್ಪ ಅಂಗಿ ಕಳಚಿ ಬೋರಲು ಮಲಗಿದ. ಫೋಟೋದವನು ಕರಿಬಟ್ಟೆಯೊಳಗೆ ತಲೆ ಹಾಕಿದಾಗ ಅವನು ಮುಖ ಎತ್ತಿ ಕ್ಯಾಮೆರಾ ನೋಡಿ ಸಣ್ಣಗೆ ನಕ್ಕ. ಜೀವನದಲ್ಲಿ ಅವನ ಫೋಟೋ ಯಾರೂ ತೆಗೆದಿರಲಿಲ್ಲ.

"ಏ, ಈ ಕಡೆ ನೋಡಬ್ಯಾಡ. ಬಿದ್ದಾವ ನಗತಾನೇನು? ಮುಖ ಮಣ್ಣಾಗ ಹಾಕು" ಎಂದ ಫೋಟೋದವನು.

ಹಾಕಿದ. ಈಶಪ್ಪ ಮೊಣಕಾಲನ್ನು ಅವನ ಕುತ್ತಿಗೆಯ ಮೇಲೂರಿ ಬಾಗಿದ. ಪಂಚರ ಸಭೆಯಾದ ಮೇಲೆ ಈಶಪ್ಪನಿಗೆ ನಿದ್ದೆ ಸರಿಯಾಗಿರಲಿಲ್ಲ. ಬೇರೆಯವರಿಗೆ ಕೇಳದಂತೆ ಕಿವಿಯ ಹತ್ತಿರ ಬಾಯಿ ತಂದ.

"ಖರೇ ಹೇಳು. ಅವತ್ತು ಬೇಕಂತ ಬಿದ್ದಿ?"

ದುರುಗಪ್ಪ ಬಾಯೊಳಗಿನ ಮಣ್ಣು ಉಗುಳಿದ. "ನಿಮ್ಮ ಕೈಗೆ ಗೊತ್ತಿರಬೇಕಲ್ರಿ."

ಈಶಪ್ಪನ ಮೊಣಕಾಲು ಒಮ್ಮೆಲೇ ಭಾರವಾಯಿತು. ದುರುಗಪ್ಪನ ಉಸಿರು ಕಟ್ಟಿ, ಕಾಲು ಮಣ್ಣನ್ನು ಕೆರೆಯತೊಡಗಿತು.

"ಭಾಳ ಛಲೋ!" ಎಂದ ಫೋಟೋದವನು. "ಹಂಗ ಇರ್ರಿ, ಹಂಗ ಇರ್ರಿ."

ಮುದುಕಮ್ಮನಿಗೆ ದುರುಗಪ್ಪ ಹೇಳಿದ್ದು ಇಷ್ಟೇ: "ನಂದೂ ತೆಗದಾರ." ಅವಳು ಬಾವಿಕಟ್ಟೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. ಹೆಂಗಸರು ಗರಡಿಯೊಳಗೆ ಕಾಲಿಡುವಂತಿರಲಿಲ್ಲ. ನಾಗರಪಂಚಮಿಯ ದಿನ ಬಾಗಿಲು ತೆರೆದಿಟ್ಟಾಗ ಅವಳು ಹೊಸ್ತಿಲ ಹೊರಗೆ ನಿಂತು ಐದೂ ಪಟಗಳನ್ನು ಒಂದೊಂದಾಗಿ ನೋಡಿದಳು.

"ನೀ ಎಲ್ಲಿದ್ದಿ?"

ದುರುಗಪ್ಪ ನಡುವಿನ ಪಟದ ಕೆಳಗಿನ ಮೂಲೆಗೆ ಬೆರಳು ಮಾಡಿದ. ಅಲ್ಲಿ ಒಂದು ಬೆನ್ನು, ಒಂದು ಅಂಗಾಲು ಕಾಣುತ್ತಿದ್ದವು. ಕೆಳಗೆ ಬರೆದದ್ದು ಈಶಪ್ಪನ ಹೆಸರು ಮಾತ್ರ. ಮುದುಕಮ್ಮ ಬಹಳ ಹೊತ್ತು ನೋಡಿದಳು.

"ಇದನ್ನ ತೋರಸಾಕ ಕರಕೊಂಡು ಬಂದೀ?" ಎಂದವಳು ಅವನಿಗೆ ಕಾಯದೆ ಮನೆಯ ದಾರಿ ಹಿಡಿದಳು. ಆಮೇಲೆ ಅವಳು ಆ ಬಾವಿಗೆ ಹೋಗಲಿಲ್ಲ. ದೂರದ ಹಳ್ಳದಿಂದ ನೀರು ತರತೊಡಗಿದಳು.

ಮೂರು ವರ್ಷದ ಮೇಲೆ ವಸ್ತಾದ ಹಾಸಿಗೆ ಹಿಡಿದ. ದುರುಗಪ್ಪನನ್ನು ಕರೆಯಿರಿ ಎಂದು ಎರಡು ಸಲ ಹೇಳಿಕಳಿಸಿದ. ಅವನ ಹೆಂಡತಿ ಸರ್ದಾರಬೀ ತಾನೇ ಗರಡಿಯ ಬಾಗಿಲಿಗೆ ಬಂದಳು.

"ನಿನ್ನ ಹೆಸರ ಕನವರಸ್ತಾರಪ್ಪಾ. ಏನೋ ಹೇಳೂದೈತಂತ."

"ಏನೂ ನೆನಪಿರಾಕಿಲ್ಲಮ್ಮಾ ಅವರಿಗೆ" ಎಂದ ದುರುಗಪ್ಪ.

ವಸ್ತಾದ ಸತ್ತ ವಾರಕ್ಕೆ ಪಂಚರು ಯಾವ ಕಲಮನ್ನೂ ನೋಡದೆ ಅವನ ಪಟವನ್ನು ಆರನೆಯದಾಗಿ ಹಾಕಿಸಿದರು. ಅವನನ್ನು ಮಣ್ಣು ಮಾಡಿದ ದಿನ ಊರೇ ಹೋಗಿತ್ತು. ಹೆಣ ಹೊತ್ತ ಜನಾಜಾ ಗರಡಿಯ ಮುಂದೆ ಒಂದು ಗಳಿಗೆ ನಿಂತಾಗ ಯಾರೋ ಒಳಗೆ ಬಂದು, ಹೆಗಲು ಕೊಡು ಬಾ ಎಂದು ದುರುಗಪ್ಪನನ್ನು ಕರೆದರು. ಅವನು ತಲೆ ಎತ್ತಲಿಲ್ಲ.

"ಕೆಲಸ ಐತಿ" ಎಂದು, ಎಡಗೈಯಲ್ಲಿ ಸಲಿಕೆ ಒತ್ತಿ ಅಖಾಡ ಅಗೆಯುತ್ತಲೇ ಇದ್ದ.