ಅಳಿಯನ ಗಾಡಿಗೆ ಕಟ್ಟಿದ ಪೆಟ್ಟಿಗೆ

ಕೊರೊನಾ ಕಾಟ ಮುಗಿದು, ಶೆಡ್ಡಿನ ಬಾಗಿಲನ್ನು ದಿನವೂ ತೆಗೆಯುವಂತಾದ ವರ್ಷದ ಮಾತು. ರಾಯದುರ್ಗದಲ್ಲಿ ನನ್ನ ಫ್ಯಾಬ್ರಿಕೇಷನ್ ಶೆಡ್ಡಿಗೆ ಆಗ ಇಪ್ಪತ್ತೆಂಟು ವರ್ಷ. ಗೇಟು, ಗ್ರಿಲ್ಲು, ಅಂಗಡಿ ಶಟರ್, ಟ್ರ್ಯಾಕ್ಟರಿನ ಟ್ರೇಲರ್, ಹೀಗೆ ಕಬ್ಬಿಣದಲ್ಲಿ ಆಗುವುದನ್ನೆಲ್ಲ ಮಾಡಿದ್ದೆ. ಟೇಪು ಹಿಡಿದರೆ ನನ್ನ ಅಳತೆ ತಪ್ಪುವುದಿಲ್ಲ ಎಂಬ ಹೆಸರಿತ್ತು. ಆ ಹೆಸರನ್ನು ಊರಲ್ಲಿ ಹರಡಿದವರಲ್ಲಿ ನಾನೇ ಮೊದಲಿಗ.

ಹನುಮಂತರಾಯ ನನ್ನ ಅಕ್ಕನ ಮಗಳು ಶಾರದೆಯ ಗಂಡ. ಮಡಕಶಿರದ ಕಡೆ ಅಗಳಿಯವನು, ಬೋರ್‌ವೆಲ್ಲಿಗೆ ಮೋಟರು ಇಳಿಸುವ, ಕೆಟ್ಟರೆ ಎತ್ತುವ ಫಿಟ್ಟರ್. ಆರಡಿ ಎತ್ತರ, ಮಾತು ಕಡಿಮೆ. ಆ ವರ್ಷ ಹಳೆಯದೊಂದು ಪಿಕಪ್ ಗಾಡಿ ಕೊಂಡಿದ್ದ. ಹಿಂದಿನ ತೊಟ್ಟಿಯ ತುಂಬ ಪೈಪು, ಕೇಬಲ್ಲು, ಮೋಟರು. ಅವುಗಳ ಅಡಿಯಲ್ಲಿ ಬೋಲ್ಟು ಬಿಚ್ಚುವ ಪಾನಾಗಳು ಹೂತುಹೋಗುತ್ತಿದ್ದವು. ಮೋಟರಿನ ವೈರಿನ ಹೊದಿಕೆ ಸರಿಯಿದೆಯೇ ಎಂದು ತೋರಿಸುವ ಮೆಗ್ಗರ್ ಎಂಬ ಮೀಟರೊಂದು ಮಳೆಗೆ ಸಿಕ್ಕಿ ಹಾಳಾಗಿತ್ತು. ಶಾರದೆ ಫೋನ್ ಮಾಡಿದಳು.

"ಮಾವ, ಸೀಟಿನ ಹಿಂದ ಜಾಗ ಐತ್ರಿ. ಅಲ್ಲೊಂದು ಪೆಟ್ಟಿಗಿ ಮಾಡಿಕೊಡ್ರಿ."

ಇದು ನನ್ನ ಕಡೆಯಿಂದ ಉಡುಗೊರೆ, ಕಾಸಿನ ಮಾತೆತ್ತಿದರೆ ನೋಡು ಎಂದೆ.

ಹನುಮಂತರಾಯ ಗಾಡಿಯನ್ನು ಶೆಡ್ಡಿನೆದುರು ರಸ್ತೆಯಲ್ಲಿ ನಿಲ್ಲಿಸಿ, ಬೀಗದ ಕೈ ಕೊಟ್ಟು, ಹೆಂಡತಿಯ ತವರಾದ ಗುಮ್ಮಗಟ್ಟಕ್ಕೆ ಬಸ್ಸು ಹತ್ತಿದ. ಗಾಡಿಯನ್ನು ನಾನೇ ಒಳಗೆ ತಂದೆ. ಸೀಟಿನ ಹಿಂದೆ ಹನ್ನೆರಡು ಇಂಚು ಜಾಗ ಸಿಕ್ಕಿತು. ಒಂದಿಂಚಿನ ಚೌಕ ಪೈಪಿನ ಫ್ರೇಮು, ಮೇಲೆ ಹದಿನಾರು ಗೇಜಿನ ತಗಡು. ಗೇಜಿನ ಅಂಕಿ ದೊಡ್ಡದಾದಷ್ಟೂ ತಗಡು ತೆಳು. ಹದಿನಾರು ಎಂದರೆ ಗಟ್ಟಿಯದೇ. ಪ್ರತಿ ಪಾನಾಕ್ಕೂ ಅದರದೇ ಗೂಡು ಮಾಡಿದೆ. ನಮ್ಮೂರಿನ ಜೀನ್ಸ್ ಹೊಲಿಯುವ ಶೆಡ್ಡುಗಳಿಂದ ತುಂಡು ಬಟ್ಟೆ ತಂದು ಗೂಡುಗಳಿಗೆ ಅಂಟಿಸಿದೆ. ಆಮೇಲೆ ಎಂಥ ಹಳ್ಳ ದಿಣ್ಣೆಯಲ್ಲಿ ಓಡಿಸಿದರೂ ಪಾನಾ ಸದ್ದು ಮಾಡುತ್ತಿರಲಿಲ್ಲ. ಮೂರು ದಿನದಲ್ಲಿ ಪೆಟ್ಟಿಗೆ ಗಾಡಿಯ ನೆಲಕ್ಕೆ ಬೋಲ್ಟಾಗಿ ಕೂತಿತು. ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ತೋರಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು!

ನಾಲ್ಕನೆಯ ದಿನ ಗಂಡ ಹೆಂಡತಿ ಬಂದರು. ಶಾರದೆ ಪೆಟ್ಟಿಗೆಗೆ ಕುಂಕುಮ ಹಚ್ಚಿ, ಕಾಯಿ ಒಡೆಸಿ, ಆರತಿ ಎತ್ತಿದಳು. ಹನುಮಂತರಾಯ ಸೀಟಿಗೆ ಹತ್ತಿ ಅದನ್ನು ಹಿಂದಕ್ಕೆ ತಳ್ಳಿದ. ಟಕ್ ಎಂದು ಪೆಟ್ಟಿಗೆಗೆ ತಾಕಿದ ಸದ್ದು ಬಂತು. ಒಂದು ಕ್ಷಣ ನನ್ನ ಮುಖ ನೋಡಿದ, ಆಮೇಲೆ ಹೆಂಡತಿಯ ಮುಖ ನೋಡಿದ.

"ಚೆನ್ನಾಗೈತೆ ಮಾವ," ಅಂದ.

ಆ ಟಕ್ ಸದ್ದಿಗೆ ನಾನು ಹಿಗ್ಗಿದೆ. ಎಷ್ಟು ಗಟ್ಟಿ ಮಾಡಿದ್ದೇನೆ ಅಂದುಕೊಂಡೆ.

ನಾಲ್ಕು ತಿಂಗಳ ಮೇಲೆ ಅಕ್ಕನ ಮನೆಯಲ್ಲಿ ಅವರು ಮತ್ತೆ ಸಿಕ್ಕರು. ತಿಂಡಿ ಬಡಿಸುತ್ತ ಶಾರದೆ ಸಣ್ಣ ದನಿಯಲ್ಲಿ, "ಇವರಿಗೆ ಮೊಣಕಾಲು ನೋವು ಮಾವ. ವಯಸ್ಸಾತು ಅಂತಾರ ಡಾಕ್ಟರು. ಗಾಡಿ ಮಾರಿ ಈ ಕೆಲಸಾನ ಬಿಡ್ತೀನಿ ಅಂತಾರ್ರಿ," ಎಂದಳು. ನಲವತ್ತೆರಡಕ್ಕೇ ಎಂಥ ವಯಸ್ಸು ಎಂದು ನಾನು ನಕ್ಕುಬಿಟ್ಟೆ. ಆದರೆ ಅವಳ ಕಣ್ಣಲ್ಲಿ ಭಯವಿತ್ತು. ಅವನಿಗೆ ಬೇರೆ ಕೆಲಸ ಬಾರದು.

ಅಂದು ಭೈರವಾನಿತಿಪ್ಪದ ಹತ್ತಿರ ಒಂದು ತೋಟದಲ್ಲಿ ಮೋಟರು ಎತ್ತುವುದಿತ್ತು. ನನ್ನ ಪೆಟ್ಟಿಗೆ ಕೆಲಸ ಮಾಡುವುದನ್ನು ಕಣ್ಣಾರೆ ನೋಡುವ ಆಸೆಗೆ ನಾನೂ ಹೊರಟೆ. ಊರು ದಾಟಿದ ಮೇಲೆ ಒಂದು ತಿರುವಿನಲ್ಲಿ ಕುರಿಹಿಂಡು ರಸ್ತೆಗೆ ಬಂತು. ಹನುಮಂತರಾಯ ಬ್ರೇಕಿಗೆಂದು ಕಾಲೆತ್ತಿದ. ಮೊಣಕಾಲು ಸ್ಟಿಯರಿಂಗಿನ ಅಡಿಗೆ ಬಡಿದು ಅಲ್ಲೇ ಸಿಕ್ಕಿಕೊಂಡಿತು. ಕಾಲಿಗೆ ಬ್ರೇಕು ಸಿಕ್ಕಿ ಗಾಡಿ ನಿಲ್ಲುವಷ್ಟರಲ್ಲಿ ಕುರಿಗಳು ಚದುರಿದ್ದವು. ಹಿಂಡಿನ ಹಿಂದಿದ್ದ ಮುದುಕ ಬಂಪರಿಗೆ ಒಂದು ಮೊಳ ದೂರದಲ್ಲಿ ಕೋಲು ಹಿಡಿದು ನಿಂತಿದ್ದ.

"ಕಣ್ಣು ಕಾಣಂಗಿಲ್ಲೇನಲೇ?" ಎಂದು ಮುದುಕ ಕೂಗಿದ.

ಅಳಿಯನಿಗೆ ನಾನೂ ನಾಲ್ಕು ಮಾತು ಬೈದು, "ಇಳಿ, ನಾ ಓಡಿಸ್ತೀನಿ," ಎಂದು ಆ ಕಡೆಯಿಂದ ಹತ್ತಿ ಕೂತೆ.

ಸೀಟು ನನಗೆ ಸರಿಯಾಗಿತ್ತು. ಕಾಲು ಪೆಡಲಿಗೆ, ಕೈ ಸ್ಟಿಯರಿಂಗಿಗೆ, ಎಲ್ಲ ಸಲೀಸು. ನಾನು ಐದಡಿ ಎರಡಿಂಚಿನ ಆಳು. ಆರಡಿಯವನು ಇಳಿದ ಸೀಟು ನನಗೆ ಸರಿಹೋದದ್ದು ಹೇಗೆ? ಅಡಿಯ ಲಿವರ್ ಎತ್ತಿ ಸೀಟನ್ನು ಹಿಂದಕ್ಕೆ ತಳ್ಳಿದೆ. ಟಕ್ ಎಂದಿತು, ಅಲ್ಲೇ ನಿಂತಿತು.

ಆಗ ನೆನಪಾಯಿತು. ರಸ್ತೆಯಿಂದ ಶೆಡ್ಡಿಗೆ ತರುವಾಗ ನನ್ನ ಗಿಡ್ಡ ಕಾಲಿಗೆಂದು ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದೆ. ಹಾಗೆಯೇ ಬಿಟ್ಟು ಹಿಂದಿನ ಜಾಗ ಅಳೆದಿದ್ದೆ. ಹನ್ನೆರಡು ಇಂಚಿನಲ್ಲಿ ನಾಲ್ಕು ಇಂಚು ಅವನ ಕಾಲಿನದು. ನಾಚಿಕೆಯಿಂದ ಅವನ ಕಡೆ ತಿರುಗಿದೆ.

"ನಾಕು ತಿಂಗಳು ಹಿಂಗ ಮುದುಡಿಕೊಂಡು ಓಡಿಸೀಯಲ್ಲೋ! ಯಾಕ ಹೇಳಲಿಲ್ಲ?"

ಅವನು ಮೊಣಕಾಲು ಸವರುತ್ತ ಹೇಳಿದ: "ಎಂಗ್ ಹೇಳ್ಲಿ ಮಾವ? ನೀವು ಅಷ್ಟು ಆಸೆಪಟ್ಟು ಮಾಡಿದ್ರಿ. ಅವ್ಳು ಆರತಿ ಹಿಡ್ಕಂಡು ನಿಂತಿದ್ಲು. ತವರಿನೋರು ಕೊಟ್ಟಿದ್ದಕ್ಕೆ ಹೆಸರಿಟ್ರೆ ಅವ್ಳ ಮನಸ್ಸು ಏನಾಗ್ಬೇಕು? ರೂಢಿ ಆಗ್ತೈತೆ ಅಂದ್ಕಂಡೆ."

ತೋಟದವನಿಗೆ ನಾಳೆ ಬರುತ್ತೇವೆಂದು ಫೋನ್ ಮಾಡಿಸಿ, ಗಾಡಿಯನ್ನು ಸೀದಾ ರಾಯದುರ್ಗಕ್ಕೆ ತಿರುಗಿಸಿದೆ. ಕುಂಕುಮ ಇನ್ನೂ ಅಂಟಿಕೊಂಡಿದ್ದ ಪೆಟ್ಟಿಗೆಯ ಬೋಲ್ಟು ಬಿಚ್ಚಿ ಹೊರಗೆಳೆದು, ಡ್ರೈವರ್ ಕಡೆಯ ಅರ್ಧಕ್ಕೆ ಗ್ರೈಂಡರ್ ಹಿಡಿದೆ. ಅಕ್ಕಪಕ್ಕದವರು ಬಂದು ನಿಂತರು. ಯಾಕೆ ಕೊಯ್ಯುತ್ತಿದ್ದೀರಿ ಎಂದು ಕೇಳಿದವರಿಗೆಲ್ಲ, ಅಳತೆ ತಪ್ಪಿದ್ದೆ ಎಂದು ಹೇಳಿದೆ. ಮೊದಲ ಸಲ ಹೇಳುವುದು ಕಷ್ಟವಾಯಿತು, ಆಮೇಲೆ ಅಷ್ಟಿಲ್ಲ. ದೊಡ್ಡ ಪಾನಾಗಳು ಎಡಗಡೆಗೆ ಹೋದವು. ಚಿಕ್ಕವುಗಳಿಗೆ ಎಂಟು ಇಂಚೇ ಸಾಕಾಯಿತು. ನಡುವಿನ ಬೆಸುಗೆ ಒರಟಾಗಿ ಉಳಿಯಿತು. ಬಣ್ಣ ಬಳಿದು ಮುಚ್ಚಲಿಲ್ಲ.

ಅಂದಿನಿಂದ ನನ್ನ ಶೆಡ್ಡಿನಲ್ಲಿ ಟೇಪು ಬಿಚ್ಚುವ ಮೊದಲು ಗಾಡಿಯವನು ಸೀಟಿನಲ್ಲಿ ಕೂರಬೇಕು. ಕೆಲಸ ಮುಗಿದ ಮೇಲೆ ಮತ್ತೆ ಕೂರಬೇಕು, ಒಂದಾದರೂ ತಪ್ಪು ಹೇಳಬೇಕು. ಚೆನ್ನಾಗಿದೆ ಎಂದಷ್ಟೇ ಹೇಳಿದವನಿಗೆ ನಾನು ಬೀಗದ ಕೈ ಕೊಡುವುದಿಲ್ಲ. ನಮ್ಮ ಜನರಿಗೆ ನೋವನ್ನು ತಾಳುವುದಕ್ಕಿಂತ ಹಿರಿಯರಿಗೆ ತಪ್ಪು ತೋರಿಸುವುದು ಕಷ್ಟ. ಕೇಳಿ ತಿಳಿದುಕೊಳ್ಳುವುದೂ ಕೆಲಸದ ಭಾಗವೆಂದು ಕಲಿಯಲು ನನಗೆ ಇಪ್ಪತ್ತೆಂಟು ವರ್ಷ ಹಿಡಿಯಿತು.

ಹನುಮಂತರಾಯ ಇಂದಿಗೂ ಅದೇ ಗಾಡಿ ಓಡಿಸುತ್ತಾನೆ. ಪೆಟ್ಟಿಗೆ ಕೊಯ್ದ ದಿನ ಸಂಜೆ, ಅದನ್ನು ಮತ್ತೆ ಕೂರಿಸಿದ ಮೇಲೆ, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕಾಲು ಚಾಚಿದ್ದ. ಟಕ್ ಎನ್ನಲಿಲ್ಲ. ನಾನು ಬಾಗಿಲಿಗೆ ಒರಗಿ ಕಾಯುತ್ತಿದ್ದೆ. ಅವನು ತಿರುಗಿ ಪೆಟ್ಟಿಗೆಯ ಮುಚ್ಚಳ ಎಳೆದು ನೋಡಿ, ಸ್ವಲ್ಪ ಹಿಂಜರಿದು, ಅಂದ:

"ಮಾವ, ಈ ಚಿಲಕ ಒಸಿ ಬಿಗಿ ಆಯ್ತು."

ಎಣ್ಣೆ ಡಬ್ಬಿ ತರಲು ನಾನು ಓಡಿದೆ. ಅಷ್ಟು ಖುಷಿಯಿಂದ ಯಾವ ಹೊಗಳಿಕೆಯನ್ನೂ ನಾನು ಕೇಳಿಸಿಕೊಂಡಿರಲಿಲ್ಲ.