ಕೊಪ್ಪಳದ ಬಿಸಿಲಿಗೆ ಬಂದ ಹವಳ

ಕೊಪ್ಪಳದಲ್ಲಿ ಕೂತು ಸಮುದ್ರ ಸಾಕುತ್ತೇನೆ ಎನ್ನುವವರ ಮಾತನ್ನು ನೀವು ನಂಬಬೇಡಿ. ನಾನು ಸಾಕಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಇಲ್ಲಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹವಳದ ಜೀವಿಯ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆಂದರೆ, ಈಗ ಮಕ್ಕಳ ಕಡೆ ಮುಖ ಮಾಡಿಕೊಂಡೇ ಬರೆಯಬಲ್ಲೆ. ಆದರೆ ಜೀವಂತ ಹವಳವನ್ನು ಕಂಡವಳಲ್ಲ. ಕುಷ್ಟಗಿಯಲ್ಲಿ ಹುಟ್ಟಿ ಕೊಪ್ಪಳಕ್ಕೆ ಸೊಸೆಯಾಗಿ ಬಂದವಳಿಗೆ ದೊಡ್ಡ ನೀರು ಎಂದರೆ ಡ್ಯಾಮಿನ ಹಿನ್ನೀರು, ಅಷ್ಟೆ. ಹೀಗಿರುವಾಗ ಒಂದು ದಿನ ಹೊಸಪೇಟೆಯ ಬಣ್ಣದ ಮೀನಿನ ಅಂಗಡಿಯ ಮೂಲೆಯಲ್ಲಿ, ನೀಲಿ ಬೆಳಕಿನ ಕೆಳಗೆ, ನನ್ನ ಬೋರ್ಡಿನ ಚಿತ್ರ ಉಸಿರಾಡುತ್ತಿರುವುದನ್ನು ಕಂಡೆ. ಟಿಫಿನ್ ಬಾಕ್ಸಿಗಿಂತ ತುಸು ದೊಡ್ಡದಾದ ಗಾಜಿನ ತೊಟ್ಟಿ. ಒಳಗೆ ಒಂದೆರಡು ಕಲ್ಲು, ಕಲ್ಲಿನ ಮೇಲೆ ಅಂಗಿಯ ಗುಂಡಿಯಂಥ ಹಸಿರು ಹೂಗಳು, ಒಂದು ಶಂಖದ ಹುಳು. ಮೀನಿಲ್ಲ.

ಗಟ್ಟಿ ಕಲ್ಲಾಗುವ ಹವಳವನ್ನು ಸಾಕುವುದು ಕಾನೂನಿಗೆ ವಿರುದ್ಧವೆಂದು ಪಾಠ ಮಾಡುವವಳು ನಾನೇ ಆದ್ದರಿಂದ, ಅಂಗಡಿಯವನನ್ನು ಸಾಕಷ್ಟು ಪೀಡಿಸಿದೆ. ಇದು ಮೆತ್ತನೆಯ ಜಾತಿ, ಹವಳದ ದಾಯಾದಿ, ತೊಟ್ಟಿಯಲ್ಲೇ ಬೆಳೆಸಿದ ತುಂಡು ಎಂದು ಖಾತ್ರಿಯಾಯಿತು. ಆತ ಕೊನೆಗೆ, “ಮೇಡಂ, ಇದರಷ್ಟು ಸುಲಭದ್ದು ಇನ್ನೊಂದಿಲ್ರಿ. ಮೇಜಿನ ಮ್ಯಾಲೆ ಇಟ್ಟು ಮರತು ಬಿಡ್ರಿ” ಅಂದ. ಮರೆಯುವ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಹೆಸರಿದೆ. ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಮೇಜಿನ ಮೇಲಿದ್ದ ಕಿನ್ನಾಳದ ಮರದ ಗಿಳಿ ಕಪಾಟು ಸೇರಿತು.

ಮನೆಯಲ್ಲಿ ನಾವು ಮೂವರು: ನಾನು, ನೀರಾವರಿ ಇಲಾಖೆಯಲ್ಲಿರುವ ನಮ್ಮವರು, ಮತ್ತು ಅವರ ತಾಯಿ. ನನ್ನ ಅತ್ತೆ ಯಲಬುರ್ಗಾ ಕಡೆಯವರು. ಕಡಿಮೆ ಮಾತಿನವರು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಸಲುಗೆಯೂ ಇರಲಿಲ್ಲ. ‘ಊಟಾ ಆತೇನು’, ‘ಆತ್ರಿ’, ‘ಹಾಲಿನವ ಬಂದಿದ್ನೇನು’, ‘ಬಂದಿದ್ನಿರಿ’. ಇಷ್ಟರಲ್ಲೇ ನಮ್ಮ ಸಂಸಾರದ ವರ್ಷಗಳು ಸಾಗಿದ್ದವು.

ಅತ್ತೆ ಬಾಗಿಲಲ್ಲೇ ನಿಂತು ತೊಟ್ಟಿ ನೋಡಿದರು. “ಇದೇನವಾ, ಕಲ್ಲಿಗೆ ಲೈಟ್ ಹಚ್ಚಿಟ್ಟೀ?”

“ಕಲ್ಲಲ್ಲರಿ ಅತ್ತಿ, ಜೀವ ಐತಿ. ಹವಳದ ಪೈಕಿ.”

“ಹವಳಕ್ಕ ಜೀವ ಇರತೈತಿ?” ಅವರ ಕೈ ತಾನಾಗಿಯೇ ಬರಿಗೊರಳಿಗೆ ಹೋಯಿತು. “ನನ್ನ ತಾಳಿಯೊಳಗೂ ಹವಳ ಇದ್ವು. ಜೀವದ್ದು ಅಂತ ಯಾರೂ ಹೇಳಿರಲಿಲ್ಲ ನೋಡು.”

ಅಷ್ಟು ಹೇಳಿ ಒಳಗೆ ಹೋದರು. ಆದರೆ ಮರುದಿನದಿಂದ ಆ ಕೋಣೆಗೆ ಅವರ ಓಡಾಟ ಶುರುವಾಯಿತು.

‘ಮರೆತುಬಿಡಿ’ ಎಂದ ಅಂಗಡಿಯವನು ಕೊಪ್ಪಳದ ಬಿಸಿಲನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನೀರು ಕಣ್ಣೆದುರೇ ಆವಿಯಾಗುತ್ತಿತ್ತು. ನೀರು ಹೋದರೂ ಉಪ್ಪು ಉಳಿಯುತ್ತದೆ. ಹಾಗಾಗಿ ಇಳಿದಷ್ಟೂ ಸಿಹಿನೀರನ್ನೇ ತುಂಬಬೇಕು. ನಮ್ಮ ಬೋರಿನ ನೀರು ಅದಕ್ಕಾಗದು, ಕ್ಯಾನಿನ ಫಿಲ್ಟರ್ ನೀರೇ ಆಗಬೇಕು. ಇದನ್ನು ಅತ್ತೆಗೆ ಒಮ್ಮೆ ಬಿಡಿಸಿ ಹೇಳಿದ್ದೇ ನೆಪ, ನಾನು ಹಣೆಗಿಡುವ ಟಿಕಳಿಯ ಹಾಳೆಯಿಂದ ಒಂದು ಕೆಂಪು ಟಿಕಳಿ ಕಿತ್ತು ನೀರಿನ ಮಟ್ಟಕ್ಕೆ ಸರಿಯಾಗಿ ಗಾಜಿಗೆ ಅಂಟಿಸಿದರು. ಅದರ ಕೆಳಗೆ ನೀರು ಇಳಿಯಲು ಅವರು ಬಿಡುತ್ತಿರಲಿಲ್ಲ. ಗಂಡ ತೀರಿದ ಮೇಲೆ ಅವರು ಟಿಕಳಿಯನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲಿರಬೇಕು.

ಹೀಗೆ ‘ಏನೂ ಕೆಲಸವಿಲ್ಲದ’ ತೊಟ್ಟಿಯ ಕೆಲಸವೆಲ್ಲ ಅವರ ಪಾಲಿಗೆ ಹೋಯಿತು. ಕೀರ್ತಿ ನನ್ನ ಪಾಲಿಗೆ ಬಂತು: ಕಾಲೇಜಿನಲ್ಲಿ ನಾನು ‘ಹವಳದ ಮೇಡಂ’ ಆದೆ. ಸಂಜೆ ಮನೆಗೆ ಬರುವಷ್ಟರಲ್ಲಿ ಅತ್ತೆಯ ಬಳಿ ಸುದ್ದಿ ತಯಾರಿರುತ್ತಿತ್ತು. “ಮೂಲ್ಯಾಗಿಂದು ಇವತ್ತ ಅರಳೇ ಇಲ್ಲ, ಸಿಟ್ಟಿಗೆದ್ದೈತಿ.” “ಶಂಖ ಗಾಜು ಹತ್ತಿ ಮ್ಯಾಲೆ ಬಂದಿತ್ತು, ಮತ್ತ ಇಳಿಸಿ ಬಿಟ್ಟೆ.” ನಾನು ಚಹಾ ಕುಡಿಯುತ್ತ ಪಾಠ ಮಾಡುತ್ತಿದ್ದೆ. ಈ ಜೀವಿಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ; ಬೆಳಕಿನಲ್ಲಿ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತದೆ; ನೀರು ಸ್ವಲ್ಪ ಕಾದರೆ ಸಾಕು, ಒಡೆಯ ಆ ಬಾಡಿಗೆದಾರನನ್ನು ಹೊರಗೆ ಹಾಕುತ್ತಾನೆ ಎಂದೆಲ್ಲ ಹೇಳಿದೆ.

ಅತ್ತೆ ಗಲ್ಲಕ್ಕೆ ಕೈ ಹಚ್ಚಿದರು. “ಅಡಗಿ ಮಾಡಿ ಹಾಕೋರನ್ನ ಹೊರಗ ಹಾಕಿ ತಾವ ಉಪಾಸ ಸಾಯ್ತಾವೇನು? ಇವಕ್ಕೂ ಅತ್ತಿ-ಸೊಸಿ ಬ್ಯಾನಿ ಐತಿ ಬಿಡು!”

ಮದುವೆಯಾಗಿ ಬಂದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅಂದೇ ಮೊದಲು ಎಂದು ತೋರುತ್ತದೆ. ಒಳಗಿನಿಂದ ನಮ್ಮವರು ಗಾಬರಿಯಾಗಿ ಎದ್ದು ಬಂದರು.

ಶಿವರಾತ್ರಿ ಕಳೆದರೆ ಸಾಕು, ನೀರಿನ ಮೇಲೆ ಗಾಳಿ ಬೀಸುವಂತೆ ಸಣ್ಣ ಟೇಬಲ್ ಫ್ಯಾನ್ ಇಡುತ್ತಿದ್ದೆವು. ಹಾಗೆ ಎರಡು ಬೇಸಿಗೆ ದಾಟಿದವು. ಮೂರನೆಯ ಬೇಸಿಗೆಯಲ್ಲಿ ಉತ್ತರಪತ್ರಿಕೆ ತಿದ್ದಲು ನಾನು ಕಲಬುರಗಿಗೆ ಹೋಗಬೇಕಾಯಿತು. ಅದೇ ವಾರ ಒಂದು ಸಂಜೆ ಇಲ್ಲಿ ಜೋರು ಗಾಳಿಯೆದ್ದು ಲೈಟಿನ ಕಂಬಗಳು ಉರುಳಿದವು. ಮಳೆ ನಾಲ್ಕು ಹನಿ ಉದುರಿ ನಿಂತಿತು. ಕರೆಂಟು ಹೋದದ್ದು ಎಷ್ಟು ಹೊತ್ತಾದರೂ ಬರಲಿಲ್ಲ. ಹಳೆಯ ಬ್ಯಾಟರಿಯ ಇನ್ವರ್ಟರ್ ಬೇಗನೆ ಕೈಕೊಟ್ಟಿತು. ಮರುದಿನ ಬಿಸಿಲು ಎಂದಿನಂತೆ ಬಂತು.

ಆ ದಿನ ಅತ್ತೆ ಏನೇನು ಮಾಡಿದರೆಂಬುದನ್ನು ಆಮೇಲೆ ಪಕ್ಕದ ಮನೆಯ ರಜಿಯಾ ಹೇಳಿದಳು. ಆಕೆಯ ಫ್ರಿಜ್ಜಿನಲ್ಲಿ ಉಳಿದಿದ್ದ ಐಸನ್ನೆಲ್ಲ ಇಸಿದುಕೊಂಡು, ಉಪ್ಪು ತೆಳುವಾಗಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೊಟ್ಟಿಯಲ್ಲಿ ತೇಲಿಬಿಟ್ಟರಂತೆ. ಅದು ಕರಗಿದ ಮೇಲೆ ಇನ್ನಷ್ಟು ಐಸಿಗಾಗಿ ತಾವೇ ನಡೆದು ಸೋಡಾ ಅಂಗಡಿಗೆ ಹೋದರಂತೆ. ಗಾಜಿಗೆ ಒದ್ದೆ ಪಂಜೆ ಸುತ್ತಿದರು, ನೀರಿಗೆ ಗಾಳಿ ಕೂಡಲೆಂದು ಸೌಟಿನಿಂದ ತಿರುವುತ್ತ ಕೂತರು. “ಅಮ್ಮಾ, ಊಟಾನಾದ್ರೂ ಮಾಡ್ರಿ ಅಂದ್ರ, ಸೌಟು ನನ್ನ ಕೈಯಾಗ ಕೊಟ್ಟು, ತಿರವ್ತಿರು, ನಿಲ್ಲಸಬ್ಯಾಡ ಅಂದ್ರು ಮೇಡಂ” ಎಂದಳು ರಜಿಯಾ. ನಮ್ಮವರು ಆಫೀಸಿನಿಂದ ಬಂದು, “ಬಿಡವ್ವ, ನಿನಗೇನರ ಆದ್ರ ಏನ್ ಮಾಡೂಣು” ಎಂದರೂ ಏಳಲಿಲ್ಲ. ನನಗೆ ಫೋನು ಮಾತ್ರ ಮಾಡಲಿಲ್ಲ. ದೂರದಲ್ಲಿದ್ದವಳು ಸುಮ್ಮನೆ ಚಿಂತೆ ಮಾಡಿಯಾಳು ಎಂದು.

ನಾನು ಬಂದಾಗ ತೊಟ್ಟಿ ಮೋರಿಯ ಬಳಿ ಬರಿದಾಗಿ ನಿಂತಿತ್ತು. ಕಲ್ಲುಗಳನ್ನು ತೊಳೆದು ಕಟ್ಟೆಯ ಮೇಲೆ ಒಣಹಾಕಿದ್ದರು. ಸುಣ್ಣದ ಹೆಂಟೆಯ ಹಾಗೆ ಬೆಳ್ಳಗೆ ಬಿದ್ದಿದ್ದವು. ಅತ್ತೆ ನನ್ನ ಮುಖ ನೋಡಲಿಲ್ಲ.

“ಹೋಗ್ಲಿ ಬಿಡ್ರಿ ಅತ್ತಿ” ಎಂದೆ. “ಅವು ಇಷ್ಟು ದಿನ ಬದುಕಿದ್ದು ನಿಮ್ಮಿಂದನ.”

“ನನ್ನ ಕೈಯಾಗ ಇದ್ದದ್ದು ಹಿಂಗ ಹೋಗೂದು ಹೊಸಾದೇನಲ್ಲ” ಎಂದರು. ಆಮೇಲೆ, ಕಟ್ಟೆಯ ಮೇಲಿನ ಕಲ್ಲಿಗೆ ಹೇಳುವಂತೆ, ನಿಧಾನವಾಗಿ ಹೇಳಿದರು. “ನಿಮ್ಮ ಮಾವನವರು ಜಮೀನು ಅಳೆಯಾಕ ಹೋಗಿದ್ರು. ಇಂಥದ ಬಿಸಲು. ಮಧ್ಯಾಹ್ನ ಬಂದು, ತಲಿ ನೋಯಾಕತ್ತೈತಿ, ಮಕ್ಕೋತೀನಿ ಅಂದ್ರು. ಮೈ ಕೆಂಡದಂಗ ಸುಡತಿತ್ತು. ದಣದಾರ, ಮಕ್ಕೊಳ್ಳಿ ಅಂತ ಬಾಗಲಾ ಮುಂದ ಮಾಡಿ ಬಂದೆ. ಸಂಜೀಕ ಚಹಾ ಮಾಡಿಕೊಂಡು ಎಬ್ಬಸಾಕ ಹೋದ್ರ ಏಳಲಿಲ್ಲ. ಒಂದು ಒದ್ದಿ ಅರಿವಿ ಹಾಕಿದ್ರ ಏನಾಗತಿತ್ತೋ ಏನೋ. ಅವತ್ತ ನನಗ ತಿಳೀಲಿಲ್ಲ.”

ಮಾವನವರು ಹಾರ್ಟಿನ ತೊಂದರೆಯಿಂದ ಹೋದರೆಂದೇ ಮನೆಯಲ್ಲೆಲ್ಲ ಹೇಳುತ್ತಿದ್ದರು. ಸೊಸೆಯಾಗಿ ಬಂದ ನಾನು ಕೇಳಿದ್ದೂ ಅಷ್ಟೇ, ನಂಬಿದ್ದೂ ಅಷ್ಟೇ. ಮಗನಿಗೂ ಹೇಳದ ಮಾತನ್ನು ಇವರು ಅಷ್ಟು ಬೇಸಿಗೆಗಳ ಕಾಲ ಎದೆಯೊಳಗೆ ಇಟ್ಟುಕೊಂಡು ನನಗೆ ರೊಟ್ಟಿ ಬಡಿದು ಹಾಕಿದ್ದರು. ಪಕ್ಕದಲ್ಲಿ ಕೂತೆ. ಸಂಜೆಯವರೆಗೆ ಇಬ್ಬರೂ ಕಟ್ಟೆಯ ಮೇಲೇ ಇದ್ದೆವು. ಒಂದು ಹೊತ್ತಿನಲ್ಲಿ ಅವರು ತಮ್ಮ ಕೈಯನ್ನು ನನ್ನ ಕೈಯ ಮೇಲಿಟ್ಟರು. ಯಾರು ಯಾರನ್ನು ಸಮಾಧಾನ ಮಾಡಿದೆವೋ ಹೇಳಲಾರೆ.

ಹೊಸ ತೊಟ್ಟಿ ತರಲೇ ಎಂದು ಮಳೆಗಾಲದಲ್ಲಿ ಕೇಳಿದೆ. “ಬ್ಯಾಡವಾ. ಸಮುದ್ರದ ಮಂದಿ ಸಮುದ್ರದಾಗ ಇರ್ಲಿ” ಅಂದರು. ನನಗೂ ಹಾಗೇ ಅನ್ನಿಸಿತ್ತು. ಆ ನಾಲ್ಕು ಹಸಿರು ಗುಂಡಿಗಳನ್ನು ನಾನು ಬಸ್ಸು ಹತ್ತಿಸಬಾರದಿತ್ತು. ಆದರೆ ಹತ್ತಿಸದೆ ಇದ್ದಿದ್ದರೆ? ‘ಹಾಲಿನವ ಬಂದಿದ್ನೇನು’ ಎಂಬಲ್ಲಿಗೇ ನಮ್ಮಿಬ್ಬರ ಮಾತು ಇಂದಿಗೂ ನಿಂತಿರುತ್ತಿತ್ತಲ್ಲ. ಈ ವಿಷಾದವನ್ನು ಯಾವ ಕಡೆಯಿಂದ ಹಿಡಿದರೂ ಕೈಗೆ ನೆಟ್ಟಗೆ ಕೂರುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಕಲಬುರಗಿಗೆ ಹೋದೆ. ಪೇಪರು ತಿದ್ದುವ ನಡುನಡುವೆ ಎದ್ದು ಬಂದು ಮನೆಗೆ ಫೋನು ಹಚ್ಚುತ್ತಿದ್ದೆ. ನೀರು ಕುಡಿದಿರಾ, ಮಜ್ಜಿಗೆ ಕುಡಿದಿರಾ, ಹೊರಗೆ ಹೋಗಿಲ್ಲ ತಾನೆ? ಮೂರನೆಯ ದಿನ ಅತ್ತೆಗೆ ಸಾಕಾಯಿತು.

“ನಾ ಏನ್ ಹವಳೇನು, ತಾಸಿಗೊಮ್ಮೆ ನೋಡಾಕ? ಅರಾಮ ಅದೀನಿ. ನೀ ಪೇಪರ್ ತಿದ್ದು.”

“ಕರೆಂಟ್ ಐತೇನ್ರಿ ಅತ್ತಿ?”

“ಐತಿ ಐತಿ. ಫ್ಯಾನ್ ಗರಾ ಗರಾ ತಿರಗಾಕತ್ತೈತಿ.”

ಅವರ ದನಿಯ ಹಿಂದೆ ಕೈಬೀಸಣಿಕೆಯ ಸಪ್ಪಳ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ‘ಛಲೋ ಆತು ಬಿಡ್ರಿ’ ಎಂದು ಫೋನು ಇಟ್ಟು, ರಜಿಯಾಳ ನಂಬರು ಒತ್ತಿದೆ.